ಏಲಕ್ಕಿಯ ಬೆಲೆಯೂ ಬಿಡಿಸುವವಳ ಕೂಲಿಯೂ



ಅರ್ಥಶಾಸ್ತ್ರವೆಂದರೆ ದೊಡ್ಡವರ ವಿದ್ಯೆ, ಅದರಲ್ಲೂ ಅಂತಾರಾಷ್ಟ್ರೀಯ ಅರ್ಥಶಾಸ್ತ್ರವಂತೂ ದಿಲ್ಲಿಯಲ್ಲೋ ಜಿನೀವಾದಲ್ಲೋ ಕುಳಿತವರ ವಿದ್ಯೆ ಎಂಬ ಭಾವನೆ ನಮ್ಮ ದುಡಿಯುವ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಆಮದು, ರಫ್ತು, ಸುಂಕ, ವಿನಿಮಯ ದರ ಎಂಬ ಮಾತುಗಳು ಪತ್ರಿಕೆಯಲ್ಲಿ ಬಂದ ಕೂಡಲೇ ನಾವು ಹಾಳೆ ತಿರುವುತ್ತೇವೆ. ಈ ಸಲ ಹಾಗೆ ತಿರುವದಿರಿ ಎಂದು ಕೇಳಿಕೊಳ್ಳುತ್ತೇವೆ. ಈ ವಿದ್ಯೆಯ ಮೊದಲ ಪಾಠಗಳನ್ನು ಪುಸ್ತಕದಿಂದಲ್ಲ, ತಮಿಳುನಾಡಿನ ತೇನಿ ಜಿಲ್ಲೆಯ ಒಂದು ಬೆಟ್ಟದ ದಾರಿಯಿಂದ ಆರಂಭಿಸೋಣ.

ತೇನಿ, ಕಂಬಂ ಕಣಿವೆ, ದಿಂಡಿಗಲ್ಲು ಎಂದರೆ ದೂರದ ಊರುಗಳೆಂದು ಕೆಲವರು ಎಣಿಸಿಯಾರು. ಅಷ್ಟು ದೂರವೇನಲ್ಲ. 1755ರಲ್ಲಿ ಹೈದರಾಲಿ ಮೈಸೂರಿನ ಫೌಜುದಾರನಾಗಿ ಹೋಗಿ ಕುಳಿತದ್ದು ದಿಂಡಿಗಲ್ಲಿನ ಕೋಟೆಯಲ್ಲೇ. ಅದಕ್ಕೂ ಹಿಂದಿನಿಂದ ಕನ್ನಡ ನಾಡು ಬಿಟ್ಟು ಹೋಗಿ ಕಂಬಂ ಸುತ್ತಮುತ್ತ ನೆಲಸಿದ ಕಪ್ಪಿಲಿಯ ಒಕ್ಕಲಿಗರ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ಅಂಥ ಒಂದು ಮನೆಯ ಹೆಣ್ಣುಮಗಳು, ವರ್ಷಗಟ್ಟಲೆ ಏಲಕ್ಕಿ ಬಿಡಿಸಿ ಬೆರಳು ಸವೆದವರು, ನಮ್ಮವರೊಡನೆ ಮಾತನಾಡುವಾಗ ಒಂದು ಪ್ರಶ್ನೆ ಕೇಳಿದರು: “ಏಲಕ್ಕಿ ಕಿಲೋಗೆ ಏಳು ಸಾವಿರ ಆಯ್ತು ಅಂತ ಊರೆಲ್ಲ ಹೇಳಿದ್ರು. ನಮ್ಮ ಕೂಲಿ ಅಲ್ಲೇ ನಿಂತಿತ್ತು. ಬೆಲೆ ಇಳಿದಾಗ ಮಾತ್ರ ಕೆಲಸ ಇಲ್ಲ ಅಂದ್ರು. ಇದೆಂಥ ಲೆಕ್ಕ ಅಣ್ಣಾ?”

ಅಂದು ಅವರಿಗೆ ನಾವು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ಈ ಲೇಖನ ಆ ಬಾಕಿಯ ತೀರುವೆ ಎಂದು ತಿಳಿಯಿರಿ.

ಕಂಬಂ ಕಣಿವೆಯ ಪಶ್ಚಿಮಕ್ಕೆ ಗೋಡೆಯಂತೆ ನಿಂತಿರುವುದು ಏಲಕ್ಕಿ ಬೆಟ್ಟಗಳು. ತೋಟವಿರುವುದು ಮೇಲೆ, ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ. ದುಡಿಯುವ ಕೈ ಇರುವುದು ಕೆಳಗೆ, ತಮಿಳುನಾಡಿನಲ್ಲಿ. ಕೇರಳದಲ್ಲಿ ಕೂಲಿ ಹೆಚ್ಚು. ಆದ್ದರಿಂದ ಬೆಳಕು ಹರಿಯುವ ಮೊದಲೇ ಬುತ್ತಿ ಕಟ್ಟಿಕೊಂಡು ಹೆಂಗಸರು ಜೀಪು ಹತ್ತುತ್ತಾರೆ. ಕೂರಬೇಕಾದವರ ಎರಡರಷ್ಟು ಮಂದಿ ಒಂದೊಂದು ಜೀಪಿನಲ್ಲಿ. ಬೋಡಿಮೆಟ್ಟು, ಕಂಬಂಮೆಟ್ಟು, ಕುಮಳಿ ಈ ಮೂರು ದಾರಿಗಳಲ್ಲಿ ಜೀಪುಗಳ ಸಾಲು ತಿರುವು ತಿರುವಾಗಿ ಏರುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ಜೀಪು ಉರುಳಿ ಸತ್ತವರ ಸುದ್ದಿ ಆ ಕಣಿವೆಗೆ ಹೊಸದಲ್ಲ.

ಮೇಲಿನ ಸರಕು ಕೆಳಗಿಳಿದು ಪರದೇಶಕ್ಕೆ ಹೋಗುವುದೂ ಅಲ್ಲಿ ಹೊಸದಲ್ಲ. ನೂರು ವರ್ಷದ ಹಿಂದೆ ಮುನ್ನಾರಿನ ಚಹಾ ಪೆಟ್ಟಿಗೆಗಳು ಟಾಪ್ ಸ್ಟೇಷನ್ನಿನಿಂದ ಹಗ್ಗದ ದಾರಿಯಲ್ಲಿ ತೂಗಾಡುತ್ತ ಬೆಟ್ಟದ ಬುಡಕ್ಕೆ ಇಳಿದು, ಅಲ್ಲಿಂದ ಗಾಡಿಯಲ್ಲಿ ಬೋಡಿನಾಯಕನೂರಿಗೆ ಬರುತ್ತಿದ್ದವು. ಮುಂದೆ ರೈಲು, ಹಡಗು, ಇಂಗ್ಲೆಂಡು. 1924ರ ಮಹಾ ಪ್ರವಾಹದಲ್ಲಿ ಮೇಲಿನ ಪುಟ್ಟ ರೈಲು ಕೊಚ್ಚಿಹೋಗಿ ಆ ವ್ಯವಸ್ಥೆ ಮುಗಿಯಿತು. 1928ರಲ್ಲಿ ಬೋಡಿಗೆ ಮಧುರೆಯಿಂದ ರೈಲು ಬಂತು. ಆ ಹಳಿ ಅಗಲ ಮಾಡುವುದಕ್ಕೆಂದು 2010ರ ಕೊನೆಗೆ ನಿಲ್ಲಿಸಿದ ಗಾಡಿ ಬೋಡಿಗೆ ಮರಳಿ ಬಂದದ್ದು 2023ರ ಜೂನ್‌ನಲ್ಲಿ. ಹನ್ನೆರಡು ವರ್ಷ! ಆದರೂ ಅದರಿಂದ ಏಲಕ್ಕಿ ನಿಲ್ಲಲಿಲ್ಲ. ಬೆಲೆಯಿರುವ ಸರಕಿಗೆ ದಾರಿ ತಾನಾಗಿ ಹುಟ್ಟುತ್ತದೆ.

ಏಲಕ್ಕಿ ಗಿಡದಲ್ಲಿ ಕಾಯಿ ಬಿಡುವುದು ತಲೆಯ ಮೇಲಲ್ಲ, ಬುಡದಲ್ಲಿ, ನೆಲಕ್ಕೆ ತಾಗಿದ ಗೊನೆಗಳಲ್ಲಿ. ಆದ್ದರಿಂದ ಬಿಡಿಸುವವಳು ದಿನವಿಡೀ ಕುಕ್ಕರಗಾಲಲ್ಲಿ ಕೂರಬೇಕು, ಇಲ್ಲವೆ ಬಾಗಬೇಕು. ಮಳೆ, ಜಿಗಣೆ, ಕೆಸರು. ಬಲಿತ ಕಾಯಿ ಯಾವುದು, ಬಲಿಯದ್ದು ಯಾವುದು ಎಂದು ಒಂದೊಂದಾಗಿ ನೋಡಿ ತೆಗೆಯಬೇಕು. ಯಂತ್ರ ಈ ಕೆಲಸ ಮಾಡಲಾರದು. ಸುಮಾರು ಐದು ಕಿಲೋ ಹಸಿ ಕಾಯಿ ಗೂಡಿನ ಬಿಸಿಯಲ್ಲಿ ಒಣಗಿ ಒಂದು ಕಿಲೋ ಆಗುತ್ತದೆ. ಅದು ಚೀಲ ಸೇರಿ, ಒಂದು ದಿನ ಬೋಡಿನಾಯಕನೂರಿನ ಹರಾಜಿಗೋ ಮತ್ತೊಂದು ದಿನ ಮೇಲೆ ಪುಟ್ಟಡಿಯ ಹರಾಜಿಗೋ ಬರುತ್ತದೆ. ಮೊದಲು ಕೂಗಿ ಹರಾಜು ಹಾಕುತ್ತಿದ್ದರು. 2007ರಿಂದ ಕಂಪ್ಯೂಟರಿನ ಹರಾಜು; ವ್ಯಾಪಾರಿ ಮಾದರಿಯನ್ನು ಅಂಗೈಯಲ್ಲಿ ಹಾಕಿ, ಬಣ್ಣ ನೋಡಿ, ಮೂಸಿ, ಬೆರಳಿನಲ್ಲಿ ಗುಂಡಿ ಒತ್ತುತ್ತಾನೆ. ಕೆಲವು ಕ್ಷಣಗಳಲ್ಲಿ ಬೆಲೆ ನಿಂತುಹೋಗುತ್ತದೆ. ಭಾರತದ ಸಾಂಬಾರ ಮಂಡಳಿಯ ಕಣ್ಣೆದುರಿಗೆ ನಡೆಯುವ, ಮಟ್ಟಿಗೆ ಪ್ರಾಮಾಣಿಕವಾದ ವ್ಯವಸ್ಥೆ ಇದು. ಗುಟ್ಟಾಗಿ ಕೈವಸ್ತ್ರದ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ಸಂತೆಗಿಂತ ಎಷ್ಟೋ ಮೇಲು.

ಆದರೆ ಆ ಬೆಲೆ ಹುಟ್ಟುವುದು ಆ ಕೋಣೆಯಲ್ಲೇ ಎಂದುಕೊಂಡರೆ ಮೊದಲ ಪಾಠದಲ್ಲೇ ತಪ್ಪಿದಂತೆ.

ಭೂಗೋಳದ ಆಚೆ ಮಗ್ಗುಲಲ್ಲಿ, ಮಧ್ಯ ಅಮೆರಿಕದಲ್ಲಿ, ಗ್ವಾಟೆಮಾಲಾ ಎಂಬ ಚಿಕ್ಕ ದೇಶವಿದೆ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಒಬ್ಬ ಜರ್ಮನ್ ತೋಟಗಾರ ಅಲ್ಲಿನ ಕೋಬಾನ್ ಸೀಮೆಯಲ್ಲಿ ಏಲಕ್ಕಿ ನೆಟ್ಟ. ಅಲ್ಲಿಯವರು ತಮ್ಮ ಅಡುಗೆಯಲ್ಲಿ ಏಲಕ್ಕಿ ಬಳಸುವುದು ಇಲ್ಲವೆಂಬಷ್ಟು ಕಡಿಮೆ. ಬೆಳೆದದ್ದೆಲ್ಲ ಮಾರುವುದಕ್ಕೇ. ಅದನ್ನು ಬಿಡಿಸುವವರು ಆಲ್ಟಾ ವೆರಾಪಾಸ್ ಪ್ರಾಂತದ ಮಾಯಾ ಬುಡಕಟ್ಟಿನ ಸಣ್ಣ ರೈತರು. ನಮ್ಮವರಂತೆಯೇ ಬುಡಕ್ಕೆ ಬಾಗುವವರು. 1980ರ ದಶಕದಲ್ಲಿ ಗ್ವಾಟೆಮಾಲಾ ಭಾರತವನ್ನು ಹಿಂದೆ ಹಾಕಿ ಲೋಕದ ಪೇಟೆಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಕೊಳ್ಳುವವರಲ್ಲಿ ದೊಡ್ಡವರು ಸೌದಿ ಅರೇಬಿಯ ಮತ್ತು ಕೊಲ್ಲಿಯ ನಾಡುಗಳು. ಅಲ್ಲಿ ಮನೆಗೆ ಬಂದ ಅತಿಥಿಗೆ ಏಲಕ್ಕಿ ಹಾಕಿದ ಕಾಫಿ ಕೊಡದಿದ್ದರೆ ಮರ್ಯಾದೆಯಲ್ಲ. ರಂಜಾನ್ ಹತ್ತಿರವಾದಂತೆ ಖರೀದಿ ಏರುತ್ತದೆ.

ಆದ್ದರಿಂದ ಬೋಡಿಯ ಬೆಲೆಯನ್ನು ಅರ್ಥ ಮಾಡಿಕೊಳ್ಳಲು ಮೂರು ಆಕಾಶಗಳನ್ನು ನೋಡಬೇಕು. 2018ರ ಆಗಸ್ಟ್‌ನಲ್ಲಿ ಕೇರಳದ ಮಹಾಪ್ರವಾಹ ಇಡುಕ್ಕಿಯ ತೋಟಗಳನ್ನು ಕೆಡಿಸಿತು; ಮರುವರ್ಷ ಮಳೆ ತಡವಾಯಿತು. ಸರಕು ಇಲ್ಲ. 2019ರ ಆಗಸ್ಟ್ 3ರಂದು ಪುಟ್ಟಡಿಯ ಹರಾಜಿನಲ್ಲಿ ಒಂದು ರಾಶಿ ಕಿಲೋಗೆ 7,000 ರೂಪಾಯಿ ಮುಟ್ಟಿತು. ಪತ್ರಿಕೆಗಳು ಹಸಿರು ಚಿನ್ನವೆಂದು ಬರೆದವು. ಆ ದಿನ ಮಾರಲು ಏಲಕ್ಕಿ ಇದ್ದವರು ಎಷ್ಟು ಮಂದಿ ಎಂದು ಕೇಳಿದವರು ಕಡಿಮೆ. 2020ರ ನವೆಂಬರಿನಲ್ಲಿ ಎರಡು ಚಂಡಮಾರುತಗಳು ಒಂದರ ಹಿಂದೊಂದು ಗ್ವಾಟೆಮಾಲಾಕ್ಕೆ ಬಡಿದವು. ಅಲ್ಲಿನ ಮನೆಗಳು ಮಣ್ಣಿನಡಿ ಹೋದ ಸುದ್ದಿ ಇಲ್ಲಿನ ವ್ಯಾಪಾರಿಗಳಿಗೆ ಬೆಲೆಯ ಸುದ್ದಿಯಾಗಿ ಬಂತು. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಈ ವ್ಯಾಪಾರದ ಸ್ವಭಾವವೇ ಹಾಗೆ. 2022ರ ಹೊತ್ತಿಗೆ ಬೋಡಿಯ ಸರಾಸರಿ ಬೆಲೆ ಸಾವಿರಕ್ಕೂ ಕೆಳಗಿಳಿದು ಸಣ್ಣ ತೋಟಗಾರ ಗೊಬ್ಬರಕ್ಕೆ ಸಾಲ ಮಾಡಿದ. 2024ರಲ್ಲಿ ಗ್ವಾಟೆಮಾಲಾದ ಬೆಳೆ ಕುಸಿಯಿತು, ಇಡುಕ್ಕಿಯೂ ಬಿಸಿಲಿಗೆ ಒಣಗಿತು, ಬೆಲೆ ಮತ್ತೆ ಮೇಲಕ್ಕೆ ಹೋಯಿತು. ಏಳು ವರ್ಷದೊಳಗೆ ಏಳು ಸಾವಿರದಿಂದ ಸಾವಿರಕ್ಕೆ, ಮತ್ತೆ ಮೇಲಕ್ಕೆ. ಈ ಉಯ್ಯಾಲೆಯ ಮೇಲೆ ಕುಳಿತು ಯಾರು ತಾನೇ ಸಂಸಾರ ಹೂಡಿಯಾರು?

ಎರಡನೆಯ ಪಾಠ ನಾಣ್ಯದ್ದು. ಸೌದಿಯ ರಿಯಾಲು 1986ರಿಂದ ಅಮೆರಿಕದ ಡಾಲರಿಗೆ ಕಟ್ಟಿಹಾಕಿದ ನಾಣ್ಯ. ಒಂದು ಡಾಲರಿಗೆ ಮೂರು ಮುಕ್ಕಾಲು ರಿಯಾಲು. ನಮ್ಮ ರೂಪಾಯಿಗೆ ಆ ಕಟ್ಟಿಲ್ಲ, ಅದು ಏರಿಳಿಯುತ್ತದೆ. ಕೊಲ್ಲಿಯ ವ್ಯಾಪಾರಿ ಕಿಲೋಗೆ 20 ಡಾಲರು ಕೊಡುತ್ತಾನೆ ಎಂದಿಟ್ಟುಕೊಳ್ಳಿ. ಡಾಲರಿಗೆ 70 ರೂಪಾಯಿ ಇದ್ದಾಗ ಅದು 1,400. ಡಾಲರು 80 ಆದರೆ ಅದೇ ಏಲಕ್ಕಿಗೆ 1,600. ಗಿಡ ಬದಲಾಗಲಿಲ್ಲ, ಕೈ ಬದಲಾಗಲಿಲ್ಲ, ಕಾಫಿ ಕುಡಿಯುವವನು ಕೊಟ್ಟ ಹಣವೂ ಬದಲಾಗಲಿಲ್ಲ. 1991ರ ಜುಲೈ 1 ಮತ್ತು 3ರಂದು ಸರಕಾರ ಎರಡು ಹೆಜ್ಜೆಯಲ್ಲಿ ರೂಪಾಯಿಯ ಬೆಲೆ ಇಳಿಸಿದ್ದು ಇದೇ ಕಾರಣಕ್ಕೆ: ನಮ್ಮ ಸರಕು ಪರದೇಶದವರಿಗೆ ಅಗ್ಗವಾಗಿ ಕಾಣಲಿ, ರಫ್ತು ಏರಲಿ ಎಂದು. ಆದರೆ ರೂಪಾಯಿ ಇಳಿದಾಗ ಡೀಸೆಲ್ಲಿಗೆ, ಗೊಬ್ಬರಕ್ಕೆ ಹೆಚ್ಚು ಕೊಡಬೇಕು. ಜೀಪಿನ ಬಾಡಿಗೆ ಏರುತ್ತದೆ. ರಫ್ತುದಾರನಿಗೆ ಸಿಹಿಯಾದದ್ದು ಜೀಪಿನಲ್ಲಿ ಕುಳಿತವಳಿಗೆ ಕಹಿಯಾಗುವುದು ಹೀಗೆ.

ಇಲ್ಲಿ ಒಂದು ಮಾತು ಸೇರಿಸದೆ ಹೋದರೆ ತಪ್ಪಾದೀತು. ಭಾರತದ ಏಲಕ್ಕಿಯಲ್ಲಿ ಹೆಚ್ಚಿನ ಪಾಲು ಹೊರಗೆ ಹೋಗುವುದೇ ಇಲ್ಲ. ನಮ್ಮ ಪಾಯಸ, ಚಹಾ, ಪಾನ್ ಮಸಾಲೆ, ಹಾವೇರಿಯ ಏಲಕ್ಕಿ ಹಾರ ಇವೇ ಅದನ್ನು ನುಂಗುತ್ತವೆ. ಹಾಗಾದರೆ ಗ್ವಾಟೆಮಾಲಾದ ಗೊಡವೆ ಏಕೆ ಎಂದು ಕೇಳಬಹುದು. ಕೊಲ್ಲಿಯಲ್ಲಿ ಗ್ವಾಟೆಮಾಲಾದ ಸರಕು ಅಗ್ಗವಾಗಿ ತುಂಬಿದಾಗ ನಮ್ಮ ರಫ್ತುದಾರ ಹರಾಜಿಗೆ ಬರುವುದಿಲ್ಲ. ಅವನು ಕೊಳ್ಳಬೇಕಿದ್ದ ದಪ್ಪ ಹಸಿರು ಕಾಯಿ ಒಳಪೇಟೆಗೇ ಹೊರಳುತ್ತದೆ, ಬೆಲೆ ಬೀಳುತ್ತದೆ. ಕೆರೆಯ ಕೋಡಿಯಲ್ಲಿ ಹರಿಯುವ ನೀರು ಸ್ವಲ್ಪವೇ ಇರಬಹುದು, ಆದರೆ ಕೆರೆಯ ಮಟ್ಟವನ್ನು ಹಿಡಿದಿರುವುದು ಕೋಡಿಯೇ ತಾನೆ?

ಇನ್ನು ಮೂರನೆಯ ಪಾಠ, ಎಲ್ಲ ಪಠ್ಯಪುಸ್ತಕಗಳೂ ಮೊದಲು ಹೇಳುವುದು. ದೇಶದೇಶಗಳು ವ್ಯಾಪಾರ ಮಾಡುವುದಾದರೂ ಏಕೆ? 1817ರಲ್ಲಿ ಡೇವಿಡ್ ರಿಕಾರ್ಡೊ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ದ್ರಾಕ್ಷಾರಸ ಇವೆರಡನ್ನು ತೆಗೆದುಕೊಂಡು ಇದಕ್ಕೆ ಉತ್ತರ ಕೊಟ್ಟ. ಕಂಬಂ ಕಣಿವೆಯೂ ದ್ರಾಕ್ಷಿಯ ನಾಡೇ (ಅಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ), ಆದರೆ ನಾವು ದ್ರಾಕ್ಷಾರಸವನ್ನು ಪಕ್ಕಕ್ಕಿಟ್ಟು ಒಂದು ಮನೆಯ ಜಗಲಿಗೆ ಬರೋಣ.

ಅತ್ತಿಗೆ, ನಾದಿನಿ ಇಬ್ಬರು ಕುಳಿತಿದ್ದಾರೆ. ಅತ್ತಿಗೆ ಗಂಟೆಗೆ ಹತ್ತು ಮೊಳ ಮಲ್ಲಿಗೆ ಕಟ್ಟಬಲ್ಲಳು. ಇಲ್ಲವೆ ಐದು ಸೇರು ಹುಣಸೆಯ ಬೀಜ ತೆಗೆಯಬಲ್ಲಳು. ನಾದಿನಿ ಗಂಟೆಗೆ ನಾಲ್ಕು ಮೊಳ ಹೂ, ಇಲ್ಲವೆ ನಾಲ್ಕು ಸೇರು ಹುಣಸೆ. ಎರಡರಲ್ಲೂ ಅತ್ತಿಗೆಯೇ ಚುರುಕು. ಇಬ್ಬರೂ ಒಂದು ಗಂಟೆ ಹೂ, ಒಂದು ಗಂಟೆ ಹುಣಸೆ ಮಾಡಿದರೆ ಒಟ್ಟು ಹದಿನಾಲ್ಕು ಮೊಳ, ಒಂಬತ್ತು ಸೇರು. ಈಗ ಕೆಲಸ ಹಂಚಿ ನೋಡಿ. ನಾದಿನಿ ಎರಡು ಗಂಟೆಯೂ ಹುಣಸೆಗೇ ಕೂರಲಿ, ಎಂಟು ಸೇರು. ಅತ್ತಿಗೆ ಒಂದೂವರೆ ಗಂಟೆ ಹೂ ಕಟ್ಟಲಿ, ಹದಿನೈದು ಮೊಳ. ಉಳಿದ ಅರ್ಧ ಗಂಟೆ ಹುಣಸೆ, ಎರಡೂವರೆ ಸೇರು. ಒಟ್ಟು ಹದಿನೈದು ಮೊಳ, ಹತ್ತೂವರೆ ಸೇರು! ಯಾರೂ ಹೆಚ್ಚು ಹೊತ್ತು ದುಡಿಯಲಿಲ್ಲ, ಎರಡೂ ಹೆಚ್ಚಾದವು. ಎರಡರಲ್ಲೂ ಹಿಂದುಳಿದವಳಿಗೂ ಮನೆಯಲ್ಲಿ ಒಂದು ಲಾಭದ ಜಾಗವಿದೆ. ರಿಕಾರ್ಡೊ ಕಂಡ ಸತ್ಯ ಇದು, ಸುಳ್ಳಲ್ಲ. ವ್ಯಾಪಾರವೆಂದರೆ ಸುಲಿಗೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವ ನಮ್ಮ ಕೆಲವು ಗೆಳೆಯರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಲಿ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಹೆಚ್ಚಾದ ಒಂದು ಮೊಳ ಹೂ, ಒಂದೂವರೆ ಸೇರು ಹುಣಸೆ ಯಾರ ಮಡಿಲಿಗೆ? ಒಂದು ಸೇರು ಹುಣಸೆಗೆ ಒಂದು ಮೊಳಕ್ಕಿಂತ ಕಡಿಮೆ ಹೂ ಸಿಕ್ಕರೆ ನಾದಿನಿ ಒಪ್ಪಳು, ತಾನೇ ಕಟ್ಟಿಕೊಂಡಾಳು. ಎರಡು ಮೊಳಕ್ಕಿಂತ ಹೆಚ್ಚು ಕೇಳಿದರೆ ಅತ್ತಿಗೆ ಒಪ್ಪಳು. ಒಂದಕ್ಕೂ ಎರಡಕ್ಕೂ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಗಣಿತ ಹೇಳುವುದಿಲ್ಲ. ಬೀಗದ ಕೈ ಅತ್ತಿಗೆಯ ಸೆರಗಿನಲ್ಲಿದ್ದರೆ ಅದು ಒಂದರ ಹತ್ತಿರವೇ ನಿಲ್ಲುತ್ತದೆ. ಅರ್ಥಶಾಸ್ತ್ರದವರು ಇದನ್ನು ವ್ಯಾಪಾರದ ವಿನಿಮಯ ದರವೆಂದು ಕರೆಯುತ್ತಾರೆ. ಕಚ್ಚಾ ಸರಕು ಮಾರುವ ದೇಶಗಳಿಗೆ ಈ ದರ ಕಾಲಕ್ರಮದಲ್ಲಿ ಪ್ರತಿಕೂಲವಾಗುತ್ತ ಬರುತ್ತದೆಂದು 1950ರಲ್ಲಿ ಅರ್ಜೆಂಟೀನಾದ ರೌಲ್ ಪ್ರೆಬಿಶ್, ಹಾನ್ಸ್ ಸಿಂಗರ್ ಎಂಬಿಬ್ಬರು ವಾದಿಸಿದರು. ಆ ಚಿಂತನೆಯಿಂದಲೇ 1964ರಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ ರೂಪುಗೊಂಡಿತು. ಕಾಫಿಗೆ 1962ರಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಗಿ, ಯಾವ ದೇಶ ಎಷ್ಟು ಮಾರಬೇಕೆಂಬ ಪಾಲು ಗೊತ್ತಾಗಿತ್ತು. 1989ರಲ್ಲಿ ಆ ಪಾಲು ಪದ್ಧತಿ ಮುರಿದುಬಿದ್ದಾಗ ಬೆಲೆ ಹೇಗೆ ಬಿತ್ತೆಂಬುದನ್ನು ಕೊಡಗು, ಚಿಕ್ಕಮಗಳೂರಿನ ನಮ್ಮ ಹಿರಿಯ ವಾಚಕರು ಮರೆತಿರಲಾರರು. ಏಲಕ್ಕಿಗೆ ಅಂಥ ಆಸರೆಯೇ ಇರಲಿಲ್ಲ.

ರಿಕಾರ್ಡೊನ ಲೆಕ್ಕದಲ್ಲಿ ಇನ್ನೊಂದು ಒಳಗುಟ್ಟಿದೆ. ಹುಣಸೆ ಬಿಟ್ಟು ಹೂವಿಗೆ ಕೈ ಹಾಕುವುದು ಕ್ಷಣದ ಕೆಲಸ. ತೋಟ ಹಾಗಲ್ಲ. ಏಲಕ್ಕಿ ನೆಟ್ಟರೆ ಫಲ ನೋಡಲು ಮೂರನೆಯ ವರ್ಷದವರೆಗೆ ಕಾಯಬೇಕು. ಬೆಲೆ ನೋಡಿ ನೆಟ್ಟವನಿಗೆ ಫಲ ಬರುವ ಹೊತ್ತಿಗೆ ಎಲ್ಲರೂ ನೆಟ್ಟಿರುತ್ತಾರೆ. ರೋಗ ಬಂದರೆ ಅದೂ ಇಲ್ಲ. ಏಲಕ್ಕಿಯ ಎಲೆಗೆ ಪಟ್ಟೆ ಬಿದ್ದು ಗಿಡ ಕುಗ್ಗುವ ರೋಗಕ್ಕೆ ಲೋಕದ ವಿಜ್ಞಾನಿಗಳೆಲ್ಲ ಇಟ್ಟುಕೊಂಡಿರುವ ಹೆಸರು ನಮ್ಮ ಮಲೆನಾಡಿನವರದೇ: ಕಟ್ಟೆ ರೋಗ. ಅಂತಾರಾಷ್ಟ್ರೀಯ ಪೇಟೆಗೆ ಕನ್ನಡ ಕೊಟ್ಟ ಪದ ಇಂಥದ್ದಾಯಿತಲ್ಲ ಎಂದು ನಗಬೇಕೋ ಅಳಬೇಕೋ ತಿಳಿಯದು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಬೆಲೆ ಏರಿದಾಗ ಕೂಲಿ ಏಕೆ ಏರಲಿಲ್ಲ? ಹರಾಜಿನ ಬೆಲೆ ಪ್ರತಿದಿನ ಹೊಸದಾಗಿ ಹುಟ್ಟುತ್ತದೆ. ಕೂಲಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮಾತುಕತೆಯಲ್ಲಿ ಹುಟ್ಟುತ್ತದೆ. ಬೆಲೆ ಏರಿದ ವರ್ಷವೆಂದರೆ ಬೆಳೆ ಕೆಟ್ಟ ವರ್ಷ. ಬಿಡಿಸಲು ಕಾಯಿ ಕಡಿಮೆ, ಆದ್ದರಿಂದ ಕೆಲಸದ ದಿನವೂ ಕಡಿಮೆ. ಬೆಲೆ ಬಿದ್ದ ವರ್ಷ ಕಾಯಿ ಬೇಕಾದಷ್ಟಿದೆ, ಆದರೆ ಕಳೆ ಕೀಳಿಸಲು, ಬುಡ ಬಿಡಿಸಲು ತೋಟಗಾರನ ಕೈಯಲ್ಲಿ ಕಾಸಿಲ್ಲ. ಮೊದಲು ನಿಲ್ಲುವುದು ಕೂಲಿಯವಳ ದಿನಗಳೇ. ಏರಿದರೂ ನಷ್ಟ, ಇಳಿದರೂ ನಷ್ಟ. ಲಾಭ ಮೇಲಿನ ಮೆಟ್ಟಲಲ್ಲೇ ನಿಲ್ಲುತ್ತದೆ, ನಷ್ಟ ಮೆಟ್ಟಲಿಳಿದು ಕೆಳಗೆ ಬರುತ್ತದೆ. ಇದು ಯಾರೊಬ್ಬ ತೋಟಗಾರನ ದುಷ್ಟತನವೆಂದು ನಾವು ಹೇಳುತ್ತಿಲ್ಲ. ಇಡುಕ್ಕಿಯ ಏಲಕ್ಕಿಯವರಲ್ಲಿ ಬಹುಮಂದಿ ಎರಡು ಮೂರು ಎಕರೆಯವರು, ಅವರೂ ಸಾಲದವರೇ. 1951ರ ತೋಟ ಕಾರ್ಮಿಕರ ಕಾಯಿದೆ ಮನೆ, ವೈದ್ಯ, ಶಿಶುಪಾಲನೆ ಇವನ್ನೆಲ್ಲ ಕೊಡಿಸುವ ಕಾಯಿದೆಯಾಗಿತ್ತು. ಆದರೆ ಅದು ಐದು ಹೆಕ್ಟೇರಿಗಿಂತ ಕಡಿಮೆಯ ತೋಟವನ್ನು ಮುಟ್ಟುತ್ತಿರಲಿಲ್ಲ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಸಂಹಿತೆಯೂ ಅದೇ ಐದು ಹೆಕ್ಟೇರಿನ ಅಳತೆಯನ್ನು ಉಳಿಸಿಕೊಂಡಿತು. ಸಣ್ಣ ತೋಟಗಳಿಗೆ ದಿನಗೂಲಿಗೆ ಹತ್ತುವ ಜೀಪಿನವರು ಈ ಕಾಯಿದೆಯ ಬೇಲಿಯ ಹೊರಗೇ ಉಳಿದರು.

ವಿಷದ ಮಾತನ್ನೂ ಆಡಿಬಿಡೋಣ. ಕೀಟನಾಶಕದ ಶೇಷ ಮಿತಿ ಮೀರಿದೆಯೆಂದು ಸೌದಿಯವರು ನಮ್ಮ ಏಲಕ್ಕಿಯನ್ನು ಹಿಂದಿರುಗಿಸಿದ್ದುಂಟು. ಸುಂಕವಿಲ್ಲದೆಯೂ ಬಾಗಿಲು ಮುಚ್ಚುವ ಬಗೆ ಇದು. ಇಂದಿನ ವ್ಯಾಪಾರದಲ್ಲಿ ಸುಂಕಕ್ಕಿಂತ ಇದೇ ಗಟ್ಟಿ ಅಗುಳಿ. 2023ರ ಜನವರಿಯಲ್ಲಿ ಇದೇ ಕಾರಣಕ್ಕೆ ಕೇರಳದ ಉಚ್ಚ ನ್ಯಾಯಾಲಯ ಶಬರಿಮಲೆಯ ಅರವಣ ಪಾಯಸದ ಡಬ್ಬಿಗಳ ಮಾರಾಟವನ್ನೇ ನಿಲ್ಲಿಸಿತು. ಕೊಳ್ಳುವವನ ನಾಲಗೆಯನ್ನು ಕಾಯಲು ಪ್ರಯೋಗಶಾಲೆಗಳಿವೆ, ಅದು ಸರಿಯೇ. ಆದರೆ ಆ ಔಷಧ ಮೊದಲು ತಾಗುವುದು ಹೊಡೆಯುವವನ ಮುಖಕ್ಕೆ, ಮರುದಿನ ಬಿಡಿಸುವವಳ ಬೆರಳಿಗೆ. ಕಾಯಿಯ ಮೇಲೆ ಉಳಿದ ಶೇಷವನ್ನು ಅಳೆಯಲು ಯಂತ್ರವಿದೆ. ಆ ಬೆರಳಿನ ಮೇಲೆ ಉಳಿದದ್ದನ್ನು ಯಾರೂ ಅಳೆದಿಲ್ಲ.

ಸರಕಿಗೂ ಮನುಷ್ಯನಿಗೂ ಗಡಿ ಒಂದೇ ಅಲ್ಲ. ಶ್ರೀಲಂಕೆಯೊಡನೆ 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಒಪ್ಪಂದದಿಂದ ಅಲ್ಲಿನ ಕಾಳುಮೆಣಸು ಅಗ್ಗದ ಸುಂಕದಲ್ಲಿ ಬಂತು. ಬೆಳೆಗಾರರ ಕೂಗಿಗೆ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ಬರಕೂಡದೆಂದು ಸರಕಾರ ತಡೆ ಹಾಕಿತು. ಸರಕಿನ ಗಡಿಯನ್ನು ಹೀಗೆ ತೆರೆಯಲು ಮುಚ್ಚಲು ಇಲಾಖೆಗಳಿವೆ. ಆದರೆ 2011ರ ಡಿಸೆಂಬರಿನಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟಿನ ಜಗಳ ಭುಗಿಲೆದ್ದಾಗ ಕುಮಳಿಯ ಗಡಿಯಲ್ಲಿ ದಾರಿ ನಿಂತುಹೋಯಿತು. 1895ರಿಂದ ಮೇಲಿನ ನೀರು ಸುರಂಗದಲ್ಲಿ ಇಳಿದು ಕಣಿವೆಯ ಗದ್ದೆಗಳನ್ನು ಸಾಕಿದೆ. ಕೆಳಗಿನ ಕೈಗಳು ಹತ್ತಿ ಮೇಲಿನ ತೋಟಗಳನ್ನು ಸಾಕಿವೆ. ಆ ವಾರಗಳಲ್ಲಿ ನೀರು ಹರಿಯಿತು, ಕೈಗಳು ಹತ್ತಲಾರದೆ ಹೋದವು. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕಕ್ಕೆ ಗಡಿ ಮುಚ್ಚಿದಾಗಲೂ ಹಾಗೆಯೇ. ಗ್ವಾಟೆಮಾಲಾಕ್ಕೂ ಕಂಬಂಗೂ ನಡುವಿನ ಸಮುದ್ರಕ್ಕಿಂತ ಕಂಬಂಮೆಟ್ಟಿನ ಒಂದು ಬಿದಿರು ಗಳು ಆ ಹೆಂಗಸರಿಗೆ ದೊಡ್ಡ ಗಡಿಯಾಗಿತ್ತು.

ಹಾಗಾದರೆ ಕೆಳಗಿನಿಂದ ಮೇಲಕ್ಕೆ ಏನೂ ಹೋಗಲಾರದೇ? ಈ ಪ್ರಶ್ನೆಗೆ ಉತ್ತರ ತೇನಿಯಿಂದ ಒಂದೆರಡು ಗಂಟೆಯ ದಾರಿಯಲ್ಲಿ, ದಿಂಡಿಗಲ್ಲು ಜಿಲ್ಲೆಯಲ್ಲಿ ಸಿಗುತ್ತದೆ.

ದಿಂಡಿಗಲ್ಲಿನ ವೇಡಸಂದೂರು ಕಡೆ ನೂಲಿನ ಗಿರಣಿಗಳು, ಸಿದ್ಧ ಉಡುಪಿನ ಕಾರ್ಖಾನೆಗಳು ಸಾಲುಸಾಲಾಗಿವೆ. ಇಲ್ಲಿ ಹೊಲಿದದ್ದು ಅಮೆರಿಕ, ಯೂರೋಪಿನ ಅಂಗಡಿಗಳಲ್ಲಿ ತೂಗುತ್ತದೆ. ಏಲಕ್ಕಿಯಂತೆಯೇ ಇದರ ದಾರವೂ ದೂರದವರ ಕೈಯಲ್ಲಿದೆ. 2025ರ ಆಗಸ್ಟ್ 27ರಂದು ಅಮೆರಿಕ ಭಾರತದ ಅನೇಕ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ನೂರಕ್ಕೆ ಐವತ್ತಕ್ಕೆ ಏರಿಸಿದಾಗ ತಿರುಪ್ಪೂರಿನ ಹೊಲಿಗೆಯವರೊಡನೆ ಅವರಿಗೆ ನೂಲು ಕೊಡುವವರೂ ನಡುಗಿದರು. ಆದರೆ ನಾವು ಹೇಳಹೊರಟಿರುವುದು ಅದಕ್ಕಿಂತ ಮುಂಚಿನ ಕಥೆ. 2021ರ ಜನವರಿಯಲ್ಲಿ ಅಲ್ಲಿನ ಒಂದು ಉಡುಪು ಕಾರ್ಖಾನೆಯ ದಲಿತ ಹೆಣ್ಣುಮಗಳೊಬ್ಬಳು, ಇಪ್ಪತ್ತರ ಹರೆಯದವಳು, ಕೊಲೆಯಾಗಿ ಸಿಕ್ಕಳು. ಆಕೆಯ ಮೇಲ್ವಿಚಾರಕನನ್ನು ಪೊಲೀಸರು ಬಂಧಿಸಿದರು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಕಿರುಕುಳ ನಡೆಯುತ್ತಿತ್ತೆಂದು ಜೊತೆಯವರು ಬಾಯಿ ಬಿಟ್ಟರು.

ಅಂಥ ಎಷ್ಟೋ ಸಾವುಗಳು ಊರಿನಲ್ಲೇ ಮುಗಿದುಹೋಗುತ್ತವೆ. ಇದು ಮುಗಿಯಲಿಲ್ಲ. ಹೆಂಗಸರೇ ನಡೆಸುವ ತಮಿಳುನಾಡು ಟೆಕ್ಸ್‌ಟೈಲ್ ಅಂಡ್ ಕಾಮನ್ ಲೇಬರ್ ಯೂನಿಯನ್ ಎಂಬ ಸಂಘ ಆ ಅಂಗಿಗಳ ಮೇಲಿದ್ದ ಚೀಟಿಯನ್ನು ಓದಿ, ಚೀಟಿಯ ಮಾಲೀಕರ ಮನೆ ಬಾಗಿಲು ತಟ್ಟಿತು. ಏಷ್ಯಾದ ಮತ್ತು ಅಮೆರಿಕದ ಕಾರ್ಮಿಕ ಸಂಘಟನೆಗಳು ಜೊತೆಗೂಡಿದವು. 2022ರ ಏಪ್ರಿಲ್‌ನಲ್ಲಿ ಕಾರ್ಖಾನೆಯ ಮಾಲೀಕರು, ಸಂಘ, ಕೊಳ್ಳುವ ಕಂಪೆನಿಗಳು ಸೇರಿ ಸಹಿ ಹಾಕಿದ ಕರಾರು ಲೋಕದಲ್ಲಿ ದಿಂಡಿಗಲ್ ಒಪ್ಪಂದವೆಂದೇ ಹೆಸರಾಯಿತು. ಎಚ್ ಅಂಡ್ ಎಮ್, ಗ್ಯಾಪ್, ಪಿ.ವಿ.ಎಚ್. ಎಂಬ ಮೂರು ದೊಡ್ಡ ಕಂಪೆನಿಗಳು ಅದಕ್ಕೆ ಕಟ್ಟುಬಿದ್ದವು. ಕೆಲಸದ ಸಾಲುಗಳಲ್ಲಿ ತರಬೇತಿ ಪಡೆದ ಕಾರ್ಮಿಕ ಹೆಂಗಸರೇ ಕಾವಲು. ದೂರು ವಿಚಾರಿಸಲು ಹೊರಗಿನ ಸ್ವತಂತ್ರ ವ್ಯಕ್ತಿಗಳು. ಕಾರ್ಖಾನೆ ಮಾತಿಗೆ ತಪ್ಪಿದರೆ ಕೊಳ್ಳುವವರು ಆರ್ಡರು ಕಡಿಮೆ ಮಾಡಲೇಬೇಕು. ಈ ಕಡೆಯ ಮಾತಿನಲ್ಲೇ ಅದರ ಹಲ್ಲು ಇತ್ತು. ಆ ವರ್ಷದ ಜುಲೈಯಲ್ಲಿ ಅಮೆರಿಕದ ಸುಂಕದ ಇಲಾಖೆ ಆ ಕಾರ್ಖಾನೆಯ ಸರಕನ್ನು ಬಂದರಿನಲ್ಲೇ ತಡೆಯಲು ಆಜ್ಞೆ ಮಾಡಿತು; ಪರಿಸ್ಥಿತಿ ಸುಧಾರಿಸಿದೆಯೆಂದು ಸೆಪ್ಟೆಂಬರಿನಲ್ಲಿ ಆಜ್ಞೆಯನ್ನು ತೆಗೆಯಿತು. ಅದನ್ನು ತೆಗೆಸುವಲ್ಲಿ ಒಪ್ಪಂದವೇ ನೆರವಾಯಿತು. ಒಬ್ಬ ಬಡ ಹುಡುಗಿಯ ಸಾವು ಬೆಲೆಯ ದಾರಿಯಲ್ಲೇ, ಆದರೆ ವಿರುದ್ಧ ದಿಕ್ಕಿನಲ್ಲಿ, ಸಮುದ್ರ ದಾಟಿತ್ತು.

ಇದನ್ನು ನಾವು ಹಾಡಿ ಹೊಗಳುವುದಿಲ್ಲ. ಒಂದು ಕಾರ್ಖಾನೆ, ಕೆಲವೇ ಗಿರಣಿಗಳು. ಸುತ್ತಲಿನ ನೂರಾರು ಗಿರಣಿಗಳಲ್ಲಿ ಹಾಸ್ಟೆಲಿನ ಗೋಡೆಯೊಳಗಿರುವ ಹುಡುಗಿಯರನ್ನು ಆ ಕಾಗದ ಮುಟ್ಟಲಿಲ್ಲ. ಪರದೇಶದ ಸರಕಾರ ಬಂದರು ಮುಚ್ಚಿದರೆ ಮೊದಲು ಹಸಿಯುವುದು ಹೊಲಿಯುವವಳೇ ಎಂಬ ಅಪಾಯವೂ ಅದರಲ್ಲಿದೆ. ಆದರೂ ಒಂದು ಸಂಗತಿ ಅಲ್ಲಿ ಸಾಬೀತಾಯಿತು. ಅಂಗಿಗೆ ಹೆಸರಿನ ಚೀಟಿಯಿತ್ತು, ಆದ್ದರಿಂದ ಹಿಡಿಯಲು ಒಂದು ಕೈ ಸಿಕ್ಕಿತು.

ಏಲಕ್ಕಿಗೆ ಆ ಚೀಟಿಯಿಲ್ಲ. ತೋಟದಿಂದ ಹರಾಜಿನವರೆಗೆ ರಾಶಿಗೆ ಒಂದು ಅಂಕಿಯಿರುತ್ತದೆ; ಮಾರಿದವರು ಯಾರು, ಕೊಂಡವರು ಯಾರು ಎಂಬುದು ಅಲ್ಲಿಯವರೆಗೆ ಗೊತ್ತು. ಬೋಡಿಯ ವ್ಯಾಪಾರಿ ಅದನ್ನು ಜರಡಿಯಾಡಿ, ಗಾತ್ರಕ್ಕೆ ಗಾತ್ರ ಸೇರಿಸಿದ ಕೂಡಲೇ ಹತ್ತು ತೋಟಗಳ ಕಾಯಿ ಒಂದೇ ಚೀಲದಲ್ಲಿ ಕಲೆತುಹೋಗುತ್ತದೆ. ರಿಯಾದಿನ ಕಾಫಿಯ ಬಟ್ಟಲಲ್ಲಿರುವ ಕಾಯಿ ಯಾರು ಬಿಡಿಸಿದ್ದು ಎಂದು ಯಾರೂ ಹೇಳಲಾರರು. ಆದರೆ ವಿಷದ ಶೇಷವನ್ನು ತೋಟದವರೆಗೆ ಹಿಂಬಾಲಿಸಬೇಕೆಂದು ಈಗ ಕೊಳ್ಳುವವರೇ ಕೇಳುತ್ತಿದ್ದಾರೆ. ಆ ಲೆಕ್ಕದ ಪುಸ್ತಕ ಹೇಗೂ ತೆರೆಯಲೇಬೇಕು. ತೆರೆದಾಗ ಅದರಲ್ಲಿ ಔಷಧದ ಹೆಸರಿನ ಪಕ್ಕದಲ್ಲೇ ಆ ದಿನದ ಕೂಲಿಯನ್ನೂ, ಜೀಪಿನಲ್ಲಿ ಬಂದವರ ಸಂಖ್ಯೆಯನ್ನೂ ಬರೆಯಿಸುವುದು ಅಸಾಧ್ಯವೇನೂ ಅಲ್ಲ. ಕೇಳುವವರು ಬೇಕು.

ನಮ್ಮ ಅಧ್ಯಯನ ಕೂಟಗಳಿಗೆ ಒಂದು ಕೆಲಸ ಕೊಡುತ್ತೇವೆ. ಮುಂದಿನ ಸಲ ಸೇರುವಾಗ ನಿಮ್ಮ ಸೀಮೆಯ ಒಂದು ಸರಕನ್ನು ಆರಿಸಿಕೊಳ್ಳಿ. ಕಾಫಿ, ಅಡಿಕೆ, ಗೋಡಂಬಿ, ರೇಷ್ಮೆ, ಅಂಗಿ, ಯಾವುದಾದರೂ ಸರಿ. ಒಂದು ವರ್ಷದ ಪೇಟೆಯ ದರವನ್ನು ತಿಂಗಳು ತಿಂಗಳಿಗೆ ಒಂದು ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ ಅದೇ ತಿಂಗಳು ನಿಮ್ಮ ಮನೆಯವರಿಗೆ ಸಿಕ್ಕ ಕೂಲಿಯ ದಿನಗಳನ್ನು ಬರೆಯಿರಿ. ಕಂಬಂನ ಆ ತಾಯಿ ತಮ್ಮ ಸಾಲನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ. ಮೇಲಿನ ಸಾಲನ್ನು ತಂದುಕೊಡುವುದಾಗಿ ನಾವು ಅವರಿಗೆ ಮಾತು ಕೊಟ್ಟಿದ್ದೇವೆ.